ಕಿಣ್ವದ ಬಾಯಲ್ಲಿ ಸಿಕ್ಕಿಬಿದ್ದ ಸಕ್ಕರೆ

ಬಯೋಕೆಮಿಸ್ಟ್ರಿಯ ಹಳೆಯ ಪಠ್ಯಪುಸ್ತಕ ಯಾವುದನ್ನು ತೆರೆದರೂ ಕಿಣ್ವಗಳ ಅಧ್ಯಾಯದಲ್ಲಿ ಆ ಚಿತ್ರ ಎದುರಾಗುತ್ತದೆ. ಲೈಸೋಜೈಮ್ ಎಂಬ ಪುಟ್ಟ ಪ್ರೋಟೀನು. ಅದರ ಮೈಯಲ್ಲೊಂದು ಉದ್ದನೆಯ ಸೀಳು. ಸೀಳಿನ ಉದ್ದಕ್ಕೂ ಮಲಗಿರುವ ಆರು ಸಕ್ಕರೆಗಳ ಸರಪಳಿ. ಸಕ್ಕರೆಗಳು ಕೂತ ಜಾಗಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಎಂದು ಹೆಸರು. ಡಿ ಮತ್ತು ಇ ನಡುವೆ ಒಂದು ಬಾಣದ ಗುರುತು: ಕಿಣ್ವ ಸರಪಳಿಯನ್ನು ಕತ್ತರಿಸುವುದು ಇಲ್ಲಿ. ವಿದ್ಯಾರ್ಥಿಗಳು ಅದನ್ನು ಬರೆದು ಬರೆದು ರೂಢಿ ಮಾಡಿಕೊಂಡು ಪರೀಕ್ಷೆಯಲ್ಲಿ ಅಂಕ ಗಳಿಸುತ್ತಾರೆ. ಆದರೆ 1965ರ ಹೊತ್ತಿಗೆ ಲಂಡನ್ನಿನಲ್ಲಿ ಈ ಚಿತ್ರ ರೂಪುಗೊಂಡಾಗ ಆರರಲ್ಲಿ ನಿಜಕ್ಕೂ ಕಂಡಿದ್ದು ಮೂರೇ ಸಕ್ಕರೆ. ಎ, ಬಿ, ಸಿ ಅಷ್ಟೆ. ಮಿಕ್ಕ ಮೂರನ್ನು ಅಣುವಿನ ಮಾದರಿ ಕಟ್ಟುತ್ತಾ ಕೈಯಿಂದ ಜೋಡಿಸಿ ಕೂರಿಸಲಾಗಿತ್ತು. ಬಾಣದ ಗುರುತು ಬಿದ್ದದ್ದು ಯಾರೂ ನೋಡದ ಜಾಗದಲ್ಲಿ.

ಇದರಲ್ಲಿ ಮೋಸವೇನೂ ಇಲ್ಲ. ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಚಿತ್ರ ಕಟ್ಟಿದವರೇ ಬಿಡಿಸಿ ಹೇಳಿದ್ದರು. ತೊಡಕು ಇದ್ದದ್ದು ಕೆಲಸದ ಸ್ವರೂಪದಲ್ಲೇ. ಕಿಣ್ವ ಯಾವ ಅಣುವನ್ನು ಹಿಡಿದು ಬದಲಾಯಿಸುತ್ತದೋ ಅದಕ್ಕೆ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಇವೆರಡೂ ಒಂದಾಗಿರುವ ಗಳಿಗೆ ತೀರಾ ಅಲ್ಪ, ಹಲವು ಕಿಣ್ವಗಳಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಎಕ್ಸ್-ರೇ ಹಾಯಿಸಿ ಹರಳಿನ ಒಳಗನ್ನು ಅಳೆಯಲು ಆ ಕಾಲದಲ್ಲಿ ದಿನಗಟ್ಟಲೆ ಬೇಕಿತ್ತು. ಮಲೆನಾಡಿನ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಕೈಯನ್ನು, ಬೆಳಗಿನಿಂದ ಸಂಜೆಯವರೆಗೆ ಶಟರ್ ತೆರೆದಿಟ್ಟ ಕ್ಯಾಮೆರಾದಲ್ಲಿ ಹಿಡಿಯಹೊರಟಂತೆ. ಕೊನೆಗೆ ಮೂಡುವುದು ಸಿಪ್ಪೆಯ ರಾಶಿ, ಸುಲಿದ ಅಡಿಕೆ, ಸುಲಿಯುವ ಕೈಯಲ್ಲ. ಕಿಣ್ವ ಕೆಲಸ ಮಾಡುತ್ತಿದ್ದರೆ ಸಬ್‌ಸ್ಟ್ರೇಟ್ ಉಳಿದಿರುವುದಿಲ್ಲ. ಸಬ್‌ಸ್ಟ್ರೇಟ್ ಹಾಗೇ ಉಳಿದಿದೆ ಎಂದರೆ ಕಿಣ್ವ ಕೆಲಸ ನಿಲ್ಲಿಸಿದೆ ಎಂದೇ ಅರ್ಥ.

ಹಾಗಾಗಿ ಕಿಣ್ವವೂ ಸಬ್‌ಸ್ಟ್ರೇಟೂ ಜೊತೆಗಿರುವ ಪ್ರತಿ ಹರಳಿನ ಹಿಂದೆ ಒಂದು ಉಪಾಯ ಇದೆ. ಯಾರೋ, ಹೇಗೋ ಕಿಣ್ವವನ್ನು ತಡೆದಿರುತ್ತಾರೆ. ಚಿತ್ರದಲ್ಲಿ ಏನಿದೆ ಎಂದು ಕೇಳುವ ಮೊದಲು ತಡೆದದ್ದು ಹೇಗೆ ಎಂದು ಕೇಳಬೇಕು ಎನ್ನುವುದು ನನ್ನ ವಾದ. ಏಕೆಂದರೆ ತಡೆದ ಬಗೆ ಯಾವುದೋ ಅದರ ಛಾಯೆ ಚಿತ್ರದ ಮೇಲೂ ಬಿದ್ದಿರುತ್ತದೆ. ಲೈಸೋಜೈಮಿನ ಕಥೆಯಷ್ಟು ಚೆನ್ನಾಗಿ ಇದನ್ನು ತೋರಿಸುವ ಕಥೆ ಇನ್ನೊಂದಿಲ್ಲ.

ಲೈಸೋಜೈಮನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ ಖ್ಯಾತಿಯ ಅದೇ ಫ್ಲೆಮಿಂಗ್. ಪೆನಿಸಿಲಿನ್‌ಗಿಂತ ಸುಮಾರು ಏಳು ವರ್ಷ ಮೊದಲು, 1921ರಲ್ಲಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅವರಿಗೆ ನೆಗಡಿಯಾಗಿತ್ತು. ತಮ್ಮದೇ ಮೂಗಿನ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿ ನೋಡಿದರು. ಒಂದು ಜಾತಿಯ ಬ್ಯಾಕ್ಟೀರಿಯಾ ಸಿಂಬಳದ ಸುತ್ತ ಕರಗಿಹೋಗಿತ್ತು. ಕಣ್ಣೀರಿನಲ್ಲೂ ಅದೇ ಗುಣ ಕಂಡಿತು. ಆಮೇಲೆ ಪ್ರಯೋಗಾಲಯದಲ್ಲಿ ಇದ್ದಬದ್ದವರ ಕಣ್ಣಿಗೆಲ್ಲ ನಿಂಬೆರಸ ಹಿಂಡಿ ಕಣ್ಣೀರು ಸಂಗ್ರಹಿಸಿದ್ದು ವೈದ್ಯಕೀಯ ಇತಿಹಾಸದ ತಮಾಷೆಯ ಪುಟಗಳಲ್ಲೊಂದು. ಕೊನೆಗೆ ಯಾರನ್ನೂ ಅಳಿಸದೆ ಈ ವಸ್ತು ಧಾರಾಳವಾಗಿ ಸಿಗುವ ಜಾಗವೂ ಪತ್ತೆಯಾಯಿತು: ಕೋಳಿಮೊಟ್ಟೆಯ ಬಿಳಿಭಾಗ. ಮರಿ ಬೆಳೆಯುವಷ್ಟು ದಿನ ಮೊಟ್ಟೆಯೊಳಗೆ ಬ್ಯಾಕ್ಟೀರಿಯಾ ನುಗ್ಗದಂತೆ ಕಾಯುವ ಕಾವಲಿನಲ್ಲಿ ಇದರದ್ದೂ ಒಂದು ಪಾಲಿದೆ.

ಔಷಧವಾಗಿ ಲೈಸೋಜೈಮ್ ಅಷ್ಟೇನೂ ಪ್ರಯೋಜನಕ್ಕೆ ಬರಲಿಲ್ಲ. ಅದು ಸುಲಭವಾಗಿ ಕರಗಿಸುವುದು ಹೆಚ್ಚಾಗಿ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು. ಆದರೆ ಹರಳು ಕಟ್ಟುವವರಿಗೆ ಅದು ವರವಾಯಿತು. 129 ಅಮೈನೋ ಆಮ್ಲಗಳಷ್ಟೇ ಇರುವ ಚಿಕ್ಕ ಪ್ರೋಟೀನು. ಮೊಟ್ಟೆಯ ಬಿಳಿಭಾಗದ ಪ್ರೋಟೀನಿನಲ್ಲಿ ಶೇಕಡಾ 3ಕ್ಕೂ ಹೆಚ್ಚು ಅದೇ ಇದೆ. ಗಟ್ಟಿಮುಟ್ಟಾದದ್ದು, ಬೇಗ ಕೆಡುವುದಿಲ್ಲ.

ಹರಳು ಕಟ್ಟುವ ಬಗೆಯನ್ನು ಇಲ್ಲಿ ತುಸು ಹತ್ತಿರದಿಂದ ನೋಡಬೇಕು. 24 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಒಂದೊಂದು ಗುಳಿಯ ತಳದಲ್ಲೂ ತುಸು ಹುಳಿಯಾದ ಅಸಿಟೇಟ್ ದ್ರಾವಣ ಮತ್ತು ಉಪ್ಪು. ನಾವು ಅಡುಗೆಗೆ ಬಳಸುವ ಸೋಡಿಯಂ ಕ್ಲೋರೈಡೇ. ಗುಳಿಯ ಅಂಚಿಗೆ ಗ್ರೀಸ್ ಸವರಿರುತ್ತಾರೆ. ತೆಳ್ಳನೆಯ ಗಾಜಿನ ಬಿಲ್ಲೆಯ ಮೇಲೆ ಲೈಸೋಜೈಮ್ ದ್ರಾವಣದ ಒಂದು ಹನಿ ಇಟ್ಟು, ಅದಕ್ಕೆ ಗುಳಿಯೊಳಗಿನ ಉಪ್ಪುನೀರನ್ನು ಅಷ್ಟೇ ಬೆರೆಸಿ, ಬಿಲ್ಲೆಯನ್ನು ಮಗುಚಿ ಗುಳಿಯ ಬಾಯಿ ಮುಚ್ಚುತ್ತಾರೆ. ಹನಿ ತಲೆಕೆಳಗಾಗಿ ನೇತಾಡುತ್ತದೆ. ಹನಿಗಿಂತ ಗುಳಿಯಲ್ಲಿ ಉಪ್ಪು ಹೆಚ್ಚು; ಆದ್ದರಿಂದ ಹನಿಯ ನೀರು ನಿಧಾನವಾಗಿ ಆವಿಯಾಗಿ ಕೆಳಗಿಳಿಯುತ್ತದೆ. ಹನಿ ಕುಗ್ಗಿದಂತೆ ಅದರಲ್ಲಿ ಪ್ರೋಟೀನು ಒತ್ತೊತ್ತಾಗುತ್ತದೆ. ಎಲ್ಲ ಸರಿಹೋದರೆ ಮಾರನೆಯ ದಿನವೇ ಸೂಕ್ಷ್ಮದರ್ಶಕದಲ್ಲಿ ಹರಳು ಕಾಣುತ್ತದೆ. ಅಂಚುಗಳು ಚೂಪು, ಮೈ ತಿಳಿ. ಆತುರ ಮಾಡಿದರೆ ಹರಳಿನ ಬದಲು ಬೂದುಬಣ್ಣದ ಗಷ್ಟು ಸಿಗುತ್ತದೆ. ಬೇರೆ ಪ್ರೋಟೀನುಗಳ ಹರಳು ಕಟ್ಟಲು ವರ್ಷಗಟ್ಟಲೆ ಕೂತವರಿದ್ದಾರೆ. ಕಟ್ಟದೇ ಕೈಬಿಟ್ಟವರೂ ಇದ್ದಾರೆ. ಹಾಗಾಗಿಯೇ ಈ ವಿದ್ಯೆ ಕಲಿಯುವವರ ಕೈಗೆ ಜಗತ್ತಿನಲ್ಲೆಲ್ಲ ಮೊದಲು ಕೊಡುವುದು ಲೈಸೋಜೈಮನ್ನೇ.

ಈ ಹರಳಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರೇ. ಅಣುಗಳು ಇಟ್ಟಿಗೆಯಂತೆ ಸಂದಿಲ್ಲದೆ ಕೂತಿರುವುದಿಲ್ಲ, ಅವುಗಳ ನಡುವೆ ನೀರು ತುಂಬಿದ ಓಣಿಗಳಿರುತ್ತವೆ. 1934ರಲ್ಲಿ ಕೇಂಬ್ರಿಜ್‌ನಲ್ಲಿ ಜೆ. ಡಿ. ಬರ್ನಾಲ್ ಮತ್ತು ಡೊರೊಥಿ ಕ್ರೋಫುಟ್ (ಮುಂದೆ ನೊಬೆಲ್ ಪಡೆದ ಡೊರೊಥಿ ಹಾಡ್ಜ್‌ಕಿನ್) ಪೆಪ್ಸಿನ್ ಹರಳನ್ನು ಒಣಗಲು ಬಿಡದೆ, ಅದು ಹುಟ್ಟಿದ ದ್ರಾವಣದಲ್ಲೇ ಇಟ್ಟು ಎಕ್ಸ್-ರೇ ಹಾಯಿಸಿದಾಗಲೇ ಪ್ರೋಟೀನ್ ಹರಳಿನಿಂದ ಸ್ಪಷ್ಟ ಚುಕ್ಕಿಗಳು ಮೊದಲು ಸಿಕ್ಕಿದ್ದು. ಒಣಗಿಸಿದರೆ ಒಳಗಿನ ಶಿಸ್ತು ಕುಸಿಯುತ್ತದೆ. ಆ ನೀರಿನ ಓಣಿಗಳಿಂದ ಇನ್ನೊಂದು ಲಾಭವೂ ಇದೆ. ಹರಳನ್ನು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ನೆನೆಹಾಕಿದರೆ ಸಕ್ಕರೆ ಓಣಿಗಳಲ್ಲಿ ಹರಿದು ಒಳಗಿನ ಒಂದೊಂದು ಕಿಣ್ವದ ಸೀಳಿಗೂ ಹೋಗಿ ಕೂರುತ್ತದೆ. ಹರಳಿನೊಳಗೆ ಸಿಕ್ಕಿಕೊಂಡಿದ್ದರೂ ಹಲವು ಕಿಣ್ವಗಳು ಅಲ್ಲೂ ಕೆಲಸ ಮಾಡುತ್ತವೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1960ರ ದಶಕದ ಆರಂಭಕ್ಕೆ ಡೇವಿಡ್ ಫಿಲಿಪ್ಸ್ ಅವರ ತಂಡ ಲೈಸೋಜೈಮನ್ನು ಕೈಗೆತ್ತಿಕೊಂಡಿತು. ಸಂಸ್ಥೆಯ ನಿರ್ದೇಶಕರು ಲಾರೆನ್ಸ್ ಬ್ರ್ಯಾಗ್. 25ನೇ ವಯಸ್ಸಿಗೇ ನೊಬೆಲ್ ಪಡೆದು, ಎಕ್ಸ್-ರೇಯಿಂದ ಉಪ್ಪಿನ ಹರಳಿನೊಳಗೆ ಪರಮಾಣುಗಳು ನಿಂತ ರೀತಿಯನ್ನು ಹೇಳಿಕೊಟ್ಟವರು. ಮಯೋಗ್ಲೋಬಿನ್ ಮತ್ತು ಹಿಮೋಗ್ಲೋಬಿನ್ ರಚನೆಗಳು ಅಷ್ಟರಲ್ಲಿ ಬಂದಿದ್ದವು. ಆದರೆ ಅವು ಆಮ್ಲಜನಕ ಹಿಡಿದಿಡುವ, ಸಾಗಿಸುವ ಪ್ರೋಟೀನುಗಳು. ರಾಸಾಯನಿಕ ಕ್ರಿಯೆ ನಡೆಸುವ ಕಿಣ್ವದ ಒಳಗನ್ನು ಯಾರೂ ನೋಡಿರಲಿಲ್ಲ. 1965ರ ಮೇ 22ರ 'ನೇಚರ್' ಪತ್ರಿಕೆಯಲ್ಲಿ ಲೈಸೋಜೈಮ್ ರಚನೆ 2 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಪ್ರಕಟವಾಯಿತು. ಮೀಟರಿನ ಸಾವಿರ ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಬರೆದವರು ಆರು ಮಂದಿ: ಬ್ಲೇಕ್, ಕೋನಿಗ್, ಮೇರ್, ನಾರ್ತ್, ಫಿಲಿಪ್ಸ್ ಮತ್ತು ಶರ್ಮ.

ಆ ಪ್ರಬಂಧಕ್ಕಿಂತ ನನಗೆ ಹೆಚ್ಚು ಕುತೂಹಲ ಅದರ ಜೊತೆಗೆ ಬಂದ ಇನ್ನೊಂದು ಪ್ರಬಂಧದ ಮೇಲೆ. ಬರೆದವರು ಫಿಲಿಪ್ಸ್ ಮತ್ತು ಅವರ ವಿದ್ಯಾರ್ಥಿನಿ ಲೂಯಿಸ್ ಜಾನ್ಸನ್. ಆಗ ಆಕೆಗೆ 25ರ ಆಸುಪಾಸು. ಸಕ್ಕರೆ ಎಲ್ಲಿ ಕೂರುತ್ತದೆ ಎಂದು ತೋರಿಸಿದ್ದು ಆ ಕೆಲಸ. ಅವರ ಎದುರು ನಿಂತದ್ದು ನಾನು ಮೇಲೆ ಹೇಳಿದ ಇಕ್ಕಟ್ಟೇ. ಲೈಸೋಜೈಮ್ ಕತ್ತರಿಸುವ ಬ್ಯಾಕ್ಟೀರಿಯಾದ ಗೋಡೆ ಎರಡು ಬಗೆಯ ಸಕ್ಕರೆಗಳು ಒಂದಾದ ಮೇಲೊಂದರಂತೆ ಪೋಣಿಸಿಕೊಂಡ ಸರಪಳಿ. ಜೀವರಸಾಯನ ವಿಜ್ಞಾನಿಗಳ ಆಡುಮಾತಿನಲ್ಲಿ ನ್ಯಾಗ್ ಮತ್ತು ನ್ಯಾಮ್. ಅಸಲಿ ಸರಪಳಿ ಕೊಟ್ಟರೆ ಕಿಣ್ವ ಅದನ್ನು ಕತ್ತರಿಸಿ ಮುಗಿಸಿಬಿಡುತ್ತದೆ. ಆದರೆ ನ್ಯಾಗ್‌ಗಳು ಮಾತ್ರ ಇರುವ ಗಿಡ್ಡ ಸರಪಳಿಗಳನ್ನು, ಸೀಗಡಿ ಚಿಪ್ಪಿನ ಕೈಟಿನ್ ಅದೇ ತಾನೆ, ಕೊಟ್ಟರೆ ಕಿಣ್ವ ವಿಚಿತ್ರವಾಗಿ ವರ್ತಿಸುತ್ತದೆ. ಆರು ನ್ಯಾಗ್ ಇರುವ ಸರಪಳಿಯನ್ನು ಅದು ಕತ್ತರಿಸುವ ವೇಗ, ಮೂರು ನ್ಯಾಗ್ ಇರುವುದನ್ನು ಕತ್ತರಿಸುವ ವೇಗದ ಸುಮಾರು 30,000 ಪಟ್ಟು. ಮೂರರ ತುಂಡು ಸೀಳಿಗೆ ಬಂದು ಕೂರುತ್ತದೆ. ಆದರೆ ಕತ್ತರಿಸಿಕೊಳ್ಳದೆ ಉಳಿಯುತ್ತದೆ. ಹರಳಿಗೆ ಇದನ್ನು ಕುಡಿಸಿ ಎಕ್ಸ್-ರೇ ಹಾಯಿಸಿದರೆ ಸಕ್ಕರೆ ಇನ್ನೂ ಅಲ್ಲೇ ಇರುತ್ತದೆ. ಉಪಾಯ ಫಲಿಸಿತು.

ಉಪಾಯದ ಬೆಲೆಯೂ ಅಲ್ಲೇ ಇತ್ತು. ಮೂರರ ತುಂಡು ಎ, ಬಿ, ಸಿ ಜಾಗಗಳಲ್ಲಿ ಕೂರುತ್ತದೆ. ಕತ್ತರಿ ಬೀಳುವುದು ಡಿ ಮತ್ತು ಇ ನಡುವೆ. ಅದು ನಿಧಾನ ಆಗಲು ಕಾರಣವೇ ಕತ್ತರಿಯ ಜಾಗಕ್ಕೆ ಚಾಚಿಕೊಳ್ಳದೇ ಇರುವುದು. ಅಂದರೆ ಚಿತ್ರ ಸಾಧ್ಯವಾದದ್ದು ಸಕ್ಕರೆ ತಪ್ಪು ಜಾಗದಲ್ಲಿ ಕೂತದ್ದರಿಂದ!

ಮುಂದಿನದ್ದನ್ನು ಫಿಲಿಪ್ಸ್ ಮಾದರಿಯಲ್ಲಿ ಕಟ್ಟಿದರು. ಸಿ ಜಾಗದ ಸಕ್ಕರೆಗೆ ನಾಲ್ಕನೆಯದನ್ನು ಸೇರಿಸಲು ಹೋದಾಗ ಅದು ಹಿಡಿಸಲಿಲ್ಲ. ಸಕ್ಕರೆಯ ಉಂಗುರ ಸಾಮಾನ್ಯವಾಗಿ ಕುರ್ಚಿಯ ಆಕಾರದಲ್ಲಿರುತ್ತದೆ (ರಸಾಯನ ವಿಜ್ಞಾನಿಗಳೂ ಅದನ್ನು ಕುರ್ಚಿ ಎಂದೇ ಕರೆಯುತ್ತಾರೆ). ಆ ಆಕಾರದಲ್ಲಿ ಡಿ ಜಾಗಕ್ಕೆ ಇಟ್ಟರೆ ಅದರ ಒಂದು ತುದಿ ಕಿಣ್ವದ ಗೋಡೆಗೆ ತಾಗುತ್ತದೆ. ಉಂಗುರವನ್ನು ಸ್ವಲ್ಪ ಚಪ್ಪಟೆ ಮಾಡಿ, ಅರ್ಧ ಕುರ್ಚಿಯಾಗಿ ತಿರುಚಿದರೆ ಮಾತ್ರ ಕೂರುತ್ತದೆ. ಫಿಲಿಪ್ಸ್ ಇದನ್ನು ಅಡಚಣೆ ಎಂದು ತೆಗೆದುಕೊಳ್ಳದೆ ಉತ್ತರ ಎಂದೇ ತೆಗೆದುಕೊಂಡರು. ಲೈನಸ್ ಪಾಲಿಂಗ್ 1946ರಲ್ಲೇ ಹೇಳಿದ್ದರು: ಕಿಣ್ವದ ಸೀಳು ಹೊಂದಿಕೊಳ್ಳುವುದು ಸಹಜ ಸ್ಥಿತಿಯ ಸಬ್‌ಸ್ಟ್ರೇಟ್‌ಗಲ್ಲ, ಅದು ಮುರಿಯುವ ಹಂತದಲ್ಲಿ ತಾಳುವ ವಿಕಾರ ರೂಪಕ್ಕೆ. ಎಮಿಲ್ ಫಿಷರ್ 1894ರಲ್ಲಿ ಕೊಟ್ಟ ಬೀಗ-ಬೀಗದಕೈ ಕಲ್ಪನೆಯನ್ನು ನಮ್ಮ ಶಾಲೆಗಳು ಇವತ್ತಿಗೂ ಬಿಟ್ಟಿಲ್ಲ. ಬೀಗಕ್ಕೆ ಸರಿಯಾಗಿ ಕೂತ ಕೈ ಸುಖವಾಗಿ ಅಲ್ಲೇ ಕೂತಿರಬಹುದು; ಅದನ್ನು ಮುರಿಯುವವರು ಯಾರು? ಸಬ್‌ಸ್ಟ್ರೇಟನ್ನು ತುಸು ಹಿಂಸಿಸಿದರೆ ತಾನೆ ಕೆಲಸ ಆಗುವುದು.

ಸೀಳಿನ ಎರಡು ಬದಿಗಳಲ್ಲಿ, ಕತ್ತರಿ ಬೀಳುವ ಜಾಗಕ್ಕೆ ಎದುರಾಗಿ, ಎರಡು ಆಮ್ಲಗಳಿದ್ದವು: 35ನೇ ಸ್ಥಾನದ ಗ್ಲುಟಮಿಕ್ ಆಮ್ಲ, 52ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ. ಫಿಲಿಪ್ಸ್ ವಿವರಣೆ ಹೀಗಿತ್ತು. 35 ಒಂದು ಪ್ರೋಟಾನನ್ನು ಕೊಟ್ಟು ಬಂಧವನ್ನು ಸಡಿಲಿಸುತ್ತದೆ. ಮುರಿದ ಸಕ್ಕರೆಯ ಮೇಲೆ ಗಳಿಗೆ ಹೊತ್ತು ಧನ ವಿದ್ಯುದಂಶ ಉಳಿಯುತ್ತದೆ. ಎದುರಿನ 52 ತನ್ನ ಋಣ ವಿದ್ಯುದಂಶದಿಂದ ಅದನ್ನು ಮುಟ್ಟದೆ ಸಮಾಧಾನಪಡಿಸುತ್ತದೆ. ಆಮೇಲೆ ನೀರು ಬಂದು ಸೇರಿಕೊಂಡು ಕ್ರಿಯೆ ಮುಗಿಯುತ್ತದೆ. ಕಿಣ್ವವೊಂದು ಹೇಗೆ ಕೆಲಸ ಮಾಡುತ್ತದೆ ಎಂದು ಪರಮಾಣುಗಳ ಹೆಸರು ಹಿಡಿದು ಹೇಳಿದ ಮೊದಲ ವಿವರಣೆ ಅದು. ಕಣ್ಣಾರೆ ಕಂಡದ್ದು ಮೂರು ಸಕ್ಕರೆ, ಮಿಕ್ಕದ್ದು ತರ್ಕ. ಈ ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಮೂರೂವರೆ ದಶಕ ಅದೇ ಪಠ್ಯಪುಸ್ತಕಗಳಲ್ಲಿ ನಿಂತಿತು.

ಆದರೆ ಅದಕ್ಕೂ ಮೊದಲೇ, 1953ರಲ್ಲಿ, ಡೇನಿಯಲ್ ಕೋಶ್‌ಲ್ಯಾಂಡ್ ಎಂಬ ಅಮೆರಿಕನ್ ವಿಜ್ಞಾನಿ ಇಂಥ ಕಿಣ್ವಗಳ ಬಗ್ಗೆ ಬೇರೆ ಮಾತು ಹೇಳಿದ್ದರು. ಮುರಿದ ಸಕ್ಕರೆ ಒಮ್ಮೆ ಕಿಣ್ವಕ್ಕೇ ಬಂಧದಿಂದ ಅಂಟಿಕೊಳ್ಳುತ್ತದೆ, ಬಳಿಕ ನೀರು ಅದನ್ನು ಬಿಡಿಸುತ್ತದೆ ಎನ್ನುವುದು ಅವರ ಲೆಕ್ಕ. ಆ ಗುಂಪಿನ ಬೇರೆ ಹಲವು ಕಿಣ್ವಗಳಲ್ಲಿ ಅದೇ ನಿಜವೆಂದು ಒಂದೊಂದಾಗಿ ಗೊತ್ತಾಗುತ್ತಾ ಬಂತು. ಲೈಸೋಜೈಮ್ ಮಾತ್ರ ಹೊರಗುಳಿದಿತ್ತು. ಅಂಟಿಕೊಂಡ ಸ್ಥಿತಿ ಅದರಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಸಿಗದಿರಲು ಕಾರಣ ಸರಳ: ಅದು ಹುಟ್ಟುವುದಕ್ಕಿಂತ ಬೇಗ ಮುರಿದುಹೋಗುತ್ತದೆ, ಶೇಖರವಾಗುವುದೇ ಇಲ್ಲ.

2001ರಲ್ಲಿ ಕೆನಡಾದ ವ್ಯಾಂಕೂವರ್‌ನ ಸ್ಟೀಫನ್ ವಿದರ್ಸ್ ಮತ್ತು ಇಂಗ್ಲೆಂಡಿನ ಯಾರ್ಕ್‌ನ ಗಿಡಿಯನ್ ಡೇವಿಸ್ ಅವರ ತಂಡಗಳು ಒಟ್ಟಾಗಿ ಅದನ್ನು ಹಿಡಿದವು. ಇವರ ಉಪಾಯ ಜೋಡಿ ಉಪಾಯ. ಮೊದಲನೆಯದಾಗಿ, ಕಿಣ್ವದ 35ನೇ ಗ್ಲುಟಮಿಕ್ ಆಮ್ಲವನ್ನು ತೆಗೆದು ಅದನ್ನೇ ಹೋಲುವ, ಆದರೆ ಪ್ರೋಟಾನು ಕೊಡಲಾಗದ ಗ್ಲುಟಮಿನ್ ಇಟ್ಟರು. ಎರಡನೆಯದಾಗಿ, ಸಕ್ಕರೆಯಲ್ಲಿ ಫ್ಲೋರಿನ್ ಸೇರಿಸಿದರು. ಫ್ಲೋರಿನ್ ಹೊರಹೋಗುವ ಜಾಗದಲ್ಲಿದ್ದರೆ ಅಂಟಿಕೊಳ್ಳುವ ಹೆಜ್ಜೆ ನಡೆಯುತ್ತದೆ. ಬಿಡಿಸಿಕೊಳ್ಳುವ ಹೆಜ್ಜೆ ಕುಂಟುತ್ತದೆ. ಹರಳಿನಲ್ಲಿ ಸ್ಪಷ್ಟವಾಗಿ ಕಂಡಿತು: 52ನೇ ಆಸ್ಪಾರ್ಟಿಕ್ ಆಮ್ಲಕ್ಕೂ ಸಕ್ಕರೆಗೂ ನಡುವೆ ನಿಜವಾದ ರಾಸಾಯನಿಕ ಬಂಧ. ಕೋಶ್‌ಲ್ಯಾಂಡ್ ಹೇಳಿದ್ದು ಸರಿ. ಫಿಲಿಪ್ಸ್ ಎರಡು ವರ್ಷ ಮುಂಚೆ, 1999ರಲ್ಲಿ, ತೀರಿಕೊಂಡಿದ್ದರು.

ಇದನ್ನು ಫಿಲಿಪ್ಸ್ ಸೋಲು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕತ್ತರಿ ಬೀಳುವ ಜಾಗ ಸರಿ ಇತ್ತು, ಎರಡು ಆಮ್ಲಗಳ ಗುರುತು ಸರಿ ಇತ್ತು, ಉಂಗುರ ತಿರುಚುವುದೂ ಸರಿ ಇತ್ತು. 1991ರಲ್ಲಿ ನಟಾಲಿ ಸ್ಟ್ರಿನಾಡ್ಕ ಮತ್ತು ಮೈಕಲ್ ಜೇಮ್ಸ್ ಡಿ ಜಾಗದಲ್ಲಿ ತಿರುಚಿದ ಸಕ್ಕರೆಯನ್ನು ಹರಳಿನಲ್ಲೇ ಕಂಡರು. ತಪ್ಪಿದ್ದು ಒಂದು ಬಂಧದಲ್ಲಿ ಮಾತ್ರ. ನೋಡದೇ ಕಟ್ಟಿದ ಮಾದರಿಗೆ ಅದು ಒಳ್ಳೆಯ ಅಂಕವೇ. ಇನ್ನೂ ಒಂದು ಮಾತು. 2001ರ ಚಿತ್ರವೂ ಕುಂಟಾದ ಕಿಣ್ವ, ಫ್ಲೋರಿನ್ ತುಂಬಿದ ಸಕ್ಕರೆ ಸೇರಿ ಕೊಟ್ಟದ್ದು. ಅಲ್ಲೂ ಅಸಲಿ ಕಿಣ್ವ ಇಲ್ಲ, ಅಸಲಿ ಸಬ್‌ಸ್ಟ್ರೇಟ್ ಇಲ್ಲ. ಅದನ್ನು ನಂಬುತ್ತೇವಾದರೆ ಕಾರಣ ಆ ಚಿತ್ರವೊಂದೇ ಅಲ್ಲ. ಬೇರೆ ಅಳತೆಗಳು, ಒಡಹುಟ್ಟಿದ ಬೇರೆ ಕಿಣ್ವಗಳ ನಡತೆ, ಎಲ್ಲ ಒಂದೇ ಕಡೆ ಬೆರಳು ತೋರುತ್ತವೆ.

ಸಬ್‌ಸ್ಟ್ರೇಟನ್ನೂ ಕೆಡಿಸದೆ, ಕಿಣ್ವವನ್ನೂ ಕೆಡಿಸದೆ ಇಬ್ಬರನ್ನೂ ಒಟ್ಟಿಗೆ ನೋಡುವ ಅಪರೂಪದ ಅವಕಾಶವೂ ಇದೆ. ಟ್ರೈಯೋಸ್ ಫಾಸ್ಫೇಟ್ ಐಸೋಮರೇಸ್ ಎಂಬ ಕಿಣ್ವ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಗ್ಲೂಕೋಸ್ ಒಡೆಯುವ ದಾರಿಯಲ್ಲಿ ನಿಂತಿದೆ. ಮೂರು ಇಂಗಾಲದ ಒಂದು ಅಣುವನ್ನು ಅದರದೇ ಇನ್ನೊಂದು ರೂಪಕ್ಕೆ ತಿರುಗಿಸುವುದು ಅದರ ಕೆಲಸ. ಕ್ಷಣಕ್ಕೆ ಸಾವಿರಾರು ಅಣುಗಳನ್ನು ತಿರುಗಿಸುವಷ್ಟು ಚುರುಕು. ಆದರೆ ಈ ಕ್ರಿಯೆ ಎರಡೂ ಕಡೆಗೆ ನಡೆಯುವಂಥದ್ದು, ಮತ್ತು ತಕ್ಕಡಿ ಒಂದೇ ಕಡೆ ವಾಲಿದೆ: ಶೇಕಡಾ 96ರಷ್ಟು ಸದಾ ಒಂದೇ ರೂಪದಲ್ಲಿರುತ್ತದೆ. ಕಿಣ್ವ ಎಷ್ಟೇ ಓಡಾಡಿದರೂ ಆ ರೂಪ ಮುಗಿಯುವುದಿಲ್ಲ. 2003ರಲ್ಲಿ ಅಮೆರಿಕದ ತಂಡವೊಂದು ಇದೇ ಗುಣವನ್ನು ಬಳಸಿ, ಯೀಸ್ಟಿನ ಈ ಕಿಣ್ವದಲ್ಲಿ ನಿಜವಾದ ಸಬ್‌ಸ್ಟ್ರೇಟ್ ಕೂತಿರುವುದನ್ನು 1.2 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ತೋರಿಸಿತು. ಕೃತಕ ತಡೆ ಬೇಕಾಗಲಿಲ್ಲ, ಪ್ರಕೃತಿಯ ತಕ್ಕಡಿಯೇ ತಡೆಯಾಯಿತು.

ಈ ಕಿಣ್ವದ ವಿಷಯದಲ್ಲಿ ಬೆಂಗಳೂರಿಗೂ ಹೇಳುವುದಿದೆ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ನಮ್ಮ ಕೆಂಪು ರಕ್ತಕಣದೊಳಗೆ ಬದುಕುವಾಗ ಶಕ್ತಿಗೆ ಗ್ಲೂಕೋಸ್ ಒಡೆಯುವ ದಾರಿಯನ್ನೇ ನೆಚ್ಚಿಕೊಂಡಿದೆ. ಆ ಪರೋಪಜೀವಿಯ ಟ್ರೈಯೋಸ್ ಫಾಸ್ಫೇಟ್ ಐಸೋಮರೇಸ್ ರಚನೆಯನ್ನು 1997ರಲ್ಲಿ ಪ್ರಕಟಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಆರ್. ಎನ್. ಮೂರ್ತಿ ಮತ್ತು ಪಿ. ಬಲರಾಂ ಅವರೊಂದಿಗೆ ಕೆಲಸ ಮಾಡುತ್ತಿದ್ದ ತಂಡ. ಈ ಕಿಣ್ವಕ್ಕೆ ಒಂದು ಬಾಗುವ ಕೊಂಡಿ ಇದೆ. ಬೇರೆ ಜೀವಿಗಳಲ್ಲಿ ಸಬ್‌ಸ್ಟ್ರೇಟ್ ಒಳಬಂದೊಡನೆ ಆ ಕೊಂಡಿ ಅದರ ಮೇಲೆ ಮುಚ್ಚಿಕೊಳ್ಳುತ್ತದೆ, ನೀರನ್ನು ಹೊರಗಿಡುತ್ತದೆ. ಹಾಗಾಗಿ ಒಳಗೆ ಅಣು ಇದ್ದರೆ ಕೊಂಡಿ ಮುಚ್ಚಿರಲೇಬೇಕು ಎಂಬುದು ರೂಢಿಯ ತಿಳಿವಳಿಕೆ. ಬೆಂಗಳೂರಿನವರು ಸಬ್‌ಸ್ಟ್ರೇಟನ್ನು ಹೋಲುವ ಅಣುಗಳನ್ನು ಮಲೇರಿಯಾ ಕಿಣ್ವಕ್ಕೆ ಕೊಟ್ಟು ಹರಳು ಕಟ್ಟಿದಾಗ, 2002ರಲ್ಲಿ ಪ್ರಕಟಿಸಿದಂತೆ, ಅಣು ಒಳಗೆ ಕೂತಿದ್ದರೂ ಕೊಂಡಿ ತೆರೆದೇ ಇತ್ತು. ಇತರ ಜೀವಿಗಳಲ್ಲಿ 96ನೇ ಸ್ಥಾನದಲ್ಲಿ ಸೀರಿನ್ ಎಂಬ ಚಿಕ್ಕ ಅಮೈನೋ ಆಮ್ಲ ಇರುತ್ತದೆ. ಮಲೇರಿಯಾ ಪರೋಪಜೀವಿಯಲ್ಲಿ ಅಲ್ಲಿ ದಪ್ಪನೆಯ ಫಿನೈಲ್‌ಅಲನಿನ್ ಇದೆ. ಸಂಶಯ ಹೋದದ್ದು ಅದರ ಮೇಲೆ. ನಮ್ಮ ಕಿಣ್ವಕ್ಕೂ ರೋಗಾಣುವಿನ ಕಿಣ್ವಕ್ಕೂ ಇರುವ ಇಂಥ ಸಣ್ಣ ವ್ಯತ್ಯಾಸಗಳನ್ನು ಹುಡುಕಿಯೇ ಔಷಧ ರೂಪಿಸುವವರು ಮುಂದೆ ಹೆಜ್ಜೆ ಇಡುವುದು.

ಲೈಸೋಜೈಮ್ ಕೂಡ ಬೆಂಗಳೂರಿಗೆ ಬಂದಿತ್ತು. ಇನ್ಸುಲಿನ್ ರಚನೆಯಲ್ಲಿ ಡೊರೊಥಿ ಹಾಡ್ಜ್‌ಕಿನ್ ಜೊತೆ ಕೆಲಸ ಮಾಡಿ ಮರಳಿದ ಎಂ. ವಿಜಯನ್, ಭಾರತದಲ್ಲಿ ಪ್ರೋಟೀನ್ ಹರಳುಶಾಸ್ತ್ರವನ್ನು ನೆಲೆಗೊಳಿಸಿದವರಲ್ಲಿ ಮುಖ್ಯರು. ಭಾರತೀಯ ವಿಜ್ಞಾನ ಸಂಸ್ಥೆಯ ಅವರ ತಂಡ ಲೈಸೋಜೈಮ್ ಹರಳಿನ ಸುತ್ತಲ ತೇವಾಂಶವನ್ನು ಬೇಕೆಂದೇ ಕಡಿಮೆ ಮಾಡಿ, ಒಳಗಿನ ನೀರು ಸ್ವಲ್ಪ ಸ್ವಲ್ಪ ಹೊರಹೋದಾಗ ಕಿಣ್ವದ ಮೈ ಎಲ್ಲಿ ಅಲುಗುತ್ತದೆ, ಎಲ್ಲಿ ಗಟ್ಟಿ ನಿಲ್ಲುತ್ತದೆ ಎಂದು ಅಳೆಯಿತು. 1990ರಲ್ಲಿ ಅದರ ರಚನೆ ಪ್ರಕಟವಾಯಿತು. ಬರ್ನಾಲ್ ಅವರ ಕಾಲದಲ್ಲಿ ಹರಳು ಒಣಗುವುದು ಬರೀ ತೊಂದರೆಯಾಗಿತ್ತು. ವಿಜಯನ್ ಅದನ್ನೇ ಉಪಕರಣ ಮಾಡಿಕೊಂಡರು.

ಕಿಣ್ವವನ್ನು ತಡೆಯುವ ವಿದ್ಯೆ ಪ್ರಯೋಗಾಲಯದ ಹಟಕ್ಕಷ್ಟೇ ಸೀಮಿತವಲ್ಲ. ನಮ್ಮ ಔಷಧಗಳಲ್ಲಿ ಬಹಳಷ್ಟು ಅದರ ಫಲ. ಪೆನಿಸಿಲಿನ್ ಮಾಡುವುದೂ ಅದನ್ನೇ. ಬ್ಯಾಕ್ಟೀರಿಯಾ ಗೋಡೆ ಕಟ್ಟುವ ಕಿಣ್ವಕ್ಕೆ ಅದು ಗೋಡೆಯ ತುಣುಕಿನ ವೇಷ ತೊಟ್ಟು ಬರುತ್ತದೆ. ಕಿಣ್ವ ಅದನ್ನು ಸಬ್‌ಸ್ಟ್ರೇಟ್ ಎಂದು ಹಿಡಿದು, ಬಂಧದಿಂದ ಅಂಟಿಸಿಕೊಂಡು, ಬಿಡಿಸಿಕೊಳ್ಳಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಟಿಪ್ಪರ್ ಮತ್ತು ಸ್ಟ್ರೋಮಿಂಗರ್ ಈ ವೇಷಧಾರಣೆಯನ್ನು ಮೊದಲು ಸೂಚಿಸಿದ್ದೂ 1965ರಲ್ಲೇ. ಲೈಸೋಜೈಮ್ ಅದೇ ಗೋಡೆಯನ್ನು ಕತ್ತರಿಸುತ್ತದೆ, ಪೆನಿಸಿಲಿನ್ ಅದೇ ಗೋಡೆ ಕಟ್ಟಲು ಬಿಡುವುದಿಲ್ಲ. ಎರಡನ್ನೂ ಫ್ಲೆಮಿಂಗ್ ಒಬ್ಬರೇ ಕಂಡದ್ದು ವಿಚಿತ್ರ ಕಾಕತಾಳೀಯ. ಕೋವಿಡ್ ಕಾಲದಲ್ಲಿ ಬಂದ ನಿರ್ಮಾಟ್ರೆಲ್ವಿರ್ ಮಾತ್ರೆ ವೈರಸ್ಸಿನ ಪ್ರೋಟೀನು ಕತ್ತರಿಸುವ ಕಿಣ್ವವನ್ನು ಹಿಡಿದು ನಿಲ್ಲಿಸುವುದೂ ಹೀಗೆಯೇ, ಅದರ 145ನೇ ಸಿಸ್ಟೀನ್‌ಗೆ ಅಂಟಿಕೊಂಡು. ಆ ಕಿಣ್ವ ಬೇರೊಂದು ತಡೆಯಣುವಿನ ಜೊತೆ ಇರುವ ಹರಳಿನ ರಚನೆ ಶಾಂಘೈನಿಂದ 2020ರ ಫೆಬ್ರುವರಿಯಲ್ಲೇ ಎಲ್ಲರಿಗೂ ಬಿಡುಗಡೆಯಾಗಿತ್ತು.

ತಡೆಯದೆಯೇ ಚಿತ್ರ ತೆಗೆಯುವ ದಾರಿ ಈಗ ತೆರೆದಿದೆ. ಸೆಫ್ಟ್ರಿಯಾಕ್ಸೋನ್ ನಮ್ಮ ಆಸ್ಪತ್ರೆಗಳಲ್ಲಿ ಟೈಫಾಯ್ಡಿನಿಂದ ಹಿಡಿದು ನ್ಯುಮೋನಿಯಾದವರೆಗೆ ಬಳಕೆಯಲ್ಲಿರುವ ಇಂಜೆಕ್ಷನ್. ಕ್ಷಯದ ಬ್ಯಾಕ್ಟೀರಿಯಾದ ಬಳಿ ಇಂಥ ಔಷಧವನ್ನು ಒಡೆದು ಹಾಕುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವಿದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕಿಣ್ವದ ಹರಳುಗಳನ್ನು ಮೈಕ್ರಾನ್‌ಗಳ ಲೆಕ್ಕದಲ್ಲಿ ಪುಡಿಪುಡಿಯಾಗಿ ಬೆಳೆಸಿ, ಸಣ್ಣ ಕೊಳವೆಯಲ್ಲಿ ಸೆಫ್ಟ್ರಿಯಾಕ್ಸೋನ್ ಜೊತೆ ಬೆರೆಸಿ, ಬೆರೆತ ಮಿಲಿಸೆಕೆಂಡುಗಳಿಂದ ಸೆಕೆಂಡುಗಳವರೆಗಿನ ಬೇರೆ ಬೇರೆ ಅಂತರಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಬಳಿಯ ಎಕ್ಸ್-ರೇ ಲೇಸರಿನ ಎದುರಿಗೆ ಚಿಮ್ಮಿಸಿದರು. ದೊಡ್ಡ ಹರಳಾಗಿದ್ದರೆ ಔಷಧ ಒಳಗೆ ಇಳಿಯುವಷ್ಟರಲ್ಲಿ ಹೊರಪದರದ ಕಿಣ್ವಗಳು ಕೆಲಸ ಮುಗಿಸಿರುತ್ತಿದ್ದವು. ಲೇಸರಿನ ಒಂದು ಮಿಡಿತ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕಿಂತ ಚಿಕ್ಕದು. ಅದು ತಾಗಿದ ಹರಳು ಭಸ್ಮವಾಗುತ್ತದೆ; ಆದರೆ ಭಸ್ಮವಾಗುವ ಮುನ್ನವೇ ಅದರ ಚುಕ್ಕಿಚಿತ್ರ ದಾಖಲಾಗಿರುತ್ತದೆ. ಹೀಗೆ ಒಂದೊಂದು ಹರಳಿನಿಂದ ಒಂದೊಂದೇ ಚಿತ್ರ, ಅಂಥವು ಸಾವಿರಾರು. 30 ಮಿಲಿಸೆಕೆಂಡಿಗೆ ಔಷಧ ಇಡಿಯಾಗಿ ಸೀಳಿನಲ್ಲಿ ಕೂತಿತ್ತು. ಅರ್ಧ ಸೆಕೆಂಡಿಗೆ ಅದರ ಉಂಗುರ ಒಡೆದು ಕಿಣ್ವಕ್ಕೆ ಅಂಟಿಕೊಂಡಿತ್ತು. 2 ಸೆಕೆಂಡಿನವರೆಗೆ ಅವರು ಹಿಂಬಾಲಿಸಿದರು. ಫಿಲಿಪ್ಸ್‌ಗೆ ಮಾದರಿ ಕಟ್ಟಿ ಊಹಿಸಬೇಕಿದ್ದ ನಡುವಿನ ಗಳಿಗೆಗಳು ಇಲ್ಲಿ ಸಾಲಾಗಿ ಸಿಕ್ಕವು.

ಇದಕ್ಕೂ ಮಿತಿ ಇದೆ. ಹರಳಿನ ಚಿತ್ರ ಯಾವತ್ತೂ ಒಂದು ಅಣುವಿನದ್ದಲ್ಲ. ಲಕ್ಷ ಲಕ್ಷ ಅಣುಗಳ ಸರಾಸರಿ. ಯಾವುದೋ ಅಣುವಿನಲ್ಲಿ ಕೆಲಸ ಮುಗಿದಿರುತ್ತದೆ, ಇನ್ನೊಂದರಲ್ಲಿ ಶುರುವೇ ಆಗಿರುವುದಿಲ್ಲ. ಲೈಸೋಜೈಮಿಗೆ ಮೂರು ನ್ಯಾಗ್ ಕೊಟ್ಟ ಹರಳನ್ನು 1992ರಲ್ಲಿ ಮತ್ತೆ ಸೂಕ್ಷ್ಮವಾಗಿ ಅಳೆದಾಗಲೂ ಹರಳಿನ ಎಲ್ಲ ಕಿಣ್ವಗಳಲ್ಲೂ ಸಕ್ಕರೆ ಕೂತಿಲ್ಲ, ಕೆಲವು ಖಾಲಿಯೇ ಇವೆ ಎಂದು ತಿಳಿಯಿತು. ಪಠ್ಯಪುಸ್ತಕದ ಚಿತ್ರದಲ್ಲಿ ಖಾಲಿ ಸೀಳು ಕಾಣುವುದಿಲ್ಲ.

ಈ ಕೆಲಸಕ್ಕೆ ಬೇಕಾದ ತೀಕ್ಷ್ಣ ಎಕ್ಸ್-ರೇಗೆ ಭಾರತದಲ್ಲಿ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ ಇದೆ, ಅದರಲ್ಲಿ ಪ್ರೋಟೀನ್ ಹರಳುಗಳಿಗೆಂದೇ ಒಂದು ಕಿರಣಮಾರ್ಗವಿದೆ. ಆದರೆ ಓದುಗರು ಇಂದೋರಿಗೂ ಹೋಗಬೇಕಿಲ್ಲ. ಕಂಡುಹಿಡಿದ ಪ್ರೋಟೀನ್ ರಚನೆಗಳನ್ನೆಲ್ಲ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಮುಕ್ತ ಭಂಡಾರದಲ್ಲಿ ಇಡುತ್ತಾರೆ. 1971ರಲ್ಲಿ 7 ರಚನೆಗಳಿಂದ ಶುರುವಾದ ಅದರಲ್ಲಿ ಈಗ 2 ಲಕ್ಷಕ್ಕೂ ಹೆಚ್ಚಿವೆ, ನೋಡಲು ಕಾಸು ಕೊಡಬೇಕಿಲ್ಲ. ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಕಿಣ್ವಗಳ ಪಾಠದ ದಿನ ಬೋರ್ಡಿನ ಮೇಲೆ ಬೀಗ-ಬೀಗದಕೈ ಬರೆಯುವ ಮುನ್ನ, ಆ ಭಂಡಾರದಿಂದ ಲೈಸೋಜೈಮ್ ಮತ್ತು ಮೂರು ನ್ಯಾಗ್ ಇರುವ ರಚನೆಯನ್ನು ಪರದೆಯ ಮೇಲೆ ತೆರೆದು ತಿರುಗಿಸಿ ತೋರಿಸಿ. ಸಕ್ಕರೆ ಯಾವ ಜಾಗದವರೆಗೆ ಇದೆ, ಎಲ್ಲಿಂದ ಮುಂದೆ ಇಲ್ಲ ಎಂದು ಮಕ್ಕಳೇ ಎಣಿಸಲಿ.